ಒಬ್ಬಳೇ ಹೆಂಗಸು, ಎರಡು ಸಲ ಕುವೈತ್: ಚಿಂತಾಮಣಿ ಕಡೆಯ ಒಂದು ಲೆಕ್ಕ

ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುತ್ತೇನೆ, ಸ್ಕಾಲರ್‌ಶಿಪ್ ಅರ್ಜಿ ಹಾಕುತ್ತೇನೆ, ಪಾಸ್‌ಪೋರ್ಟ್ ಫಾರಂ ತುಂಬುತ್ತೇನೆ. 2017ರ ಜೂನ್‌ನಲ್ಲಿ ಪಾಸ್‌ಪೋರ್ಟಿಗೆ ಅಂತ ಒಬ್ಬ ಹೆಂಗಸು ಬಂದಳು. ಊರು ಚೇಳೂರು ರಸ್ತೆ ಕಡೆ. ಆಕೆಯ ಹೆಸರು ಬರೆಯುವುದಿಲ್ಲ, ಊರಿನ ಹೆಸರೂ ಬರೆಯುವುದಿಲ್ಲ. ಆಕೆಯನ್ನು ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. "ಲೆಕ್ಕ ಮಾತ್ರ ತಪ್ಪು ಬರೀಬೇಡ ಅಣ್ಣ" ಎಂದಳು. ಅದಕ್ಕೇ ಇದರಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ.

ಈ ಒಂದು ಪ್ರಕರಣವನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಆಕೆ ಎರಡು ಸಲ ಕುವೈತ್‌ಗೆ ಹೋಗಿ ಬಂದಳು. ಮೊದಲ ಸಲ 27ನೇ ವಯಸ್ಸಿಗೆ, ಸರಿಯಾದ ಕಾಗದ ಇಲ್ಲದೆ. ಎರಡನೇ ಸಲ 32ಕ್ಕೆ, ಎಲ್ಲ ಕಾಗದದ ಜೊತೆ. ದೇಶ ಅದೇ, ಕೆಲಸ ಅದೇ, ಕೈ ಅದೇ. ಕಾಗದ ಒಂದೇ ಬೇರೆ. ವಲಸೆಯಿಂದ ಯಾರಿಗೆ ಎಷ್ಟು ಲಾಭ, ಸರ್ಕಾರದ ನಿಯಮ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ಇಷ್ಟು ಸ್ಪಷ್ಟವಾಗಿ ನನಗೆ ಬೇರೆ ಎಲ್ಲೂ ಕಂಡಿಲ್ಲ.

ಮೂರು ಬೋರು, ಮೂರು ಲಕ್ಷ

ಮನೆಯಲ್ಲಿ ಗಂಡ, ಅತ್ತೆ, ಎಂಟು ವರ್ಷದ ಮಗಳು, ಐದು ವರ್ಷದ ಮಗ. ಮಾವನ ಹೆಸರಿನಲ್ಲಿ ಎರಡು ಎಕರೆ. ಟೊಮ್ಯಾಟೊ, ನೆಲಗಡಲೆ ಬೆಳೆಯುತ್ತಿದ್ದರು. ನಮ್ಮ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ನಾಲೆ ಇಲ್ಲ, ಎಲ್ಲ ಬೋರ್‌ವೆಲ್ ಮೇಲೆಯೇ. ಒಂದೂವರೆ ವರ್ಷದಲ್ಲಿ ಮೂರು ಬೋರು ಕೊರೆಸಿದರು. ಮೊದಲನೆಯದು ಆರು ತಿಂಗಳು ನೀರು ಕೊಟ್ಟು ನಿಂತಿತು. ಎರಡನೆಯದರಲ್ಲಿ ಬರಲೇ ಇಲ್ಲ. ಮೂರನೆಯದು 1,150 ಅಡಿಗೆ ಹೋದರೂ ಬರೀ ಬಿಳಿ ಧೂಳು. ಆಳ ಹೋದಷ್ಟೂ ಅಡಿಯ ರೇಟು ಏರುತ್ತದೆ, ಇದು ಬೋರು ಹಾಕಿಸಿದ ಎಲ್ಲರಿಗೂ ಗೊತ್ತು.

ಸೊಸೈಟಿ ಸಾಲ ಬೇರೆ ಇತ್ತು. ಅದು 2018ರ ಸಾಲಮನ್ನಾದಲ್ಲಿ ಹೋಯಿತು. ಉಳಿದದ್ದು ಕೈಸಾಲ, ಮೂರು ಲಕ್ಷ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 9,000. ಪ್ರೋನೋಟ್ ಮೇಲಿನ ಸಾಲಕ್ಕೆ ಯಾವ ಮನ್ನಾವೂ ಬರುವುದಿಲ್ಲ. ಆಗ ಹೆಣ್ಣಾಳಿನ ಕೂಲಿ ದಿನಕ್ಕೆ 200, ಜಾಸ್ತಿ ಅಂದ್ರೆ 250. ತಿಂಗಳಿಗೆ ಹದಿನೆಂಟು ದಿನ ಕೆಲಸ ಸಿಕ್ಕರೆ ಪುಣ್ಯ. ನಾಲ್ಕು ಸಾವಿರ. ಗಂಡನ ದುಡಿಮೆ ಊಟಕ್ಕೆ, ಔಷಧಿಗೆ, ಶಾಲೆಗೆ ಸರಿಹೋಗುತ್ತಿತ್ತು. ಆಕೆಯ ಕೂಲಿ ಬಡ್ಡಿಯ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಕುವೈತ್ ಯಾಕೆ ಅಂತ ಕೇಳಬಹುದು. ನಮ್ಮ ಗಡಿ ದಾಟಿದರೆ ಮದನಪಲ್ಲಿ, ಇನ್ನೂ ಮುಂದೆ ಹೋದರೆ ರಾಯಚೋಟಿ, ಕಡಪ. ಆ ಸೀಮೆಯಿಂದ ಹೆಂಗಸರು ಮನೆಕೆಲಸಕ್ಕೆ ಕುವೈತ್‌ಗೆ ಹೋಗುವುದು ಹಳೆಯ ಮಾತು, ಅದನ್ನು ಖದ್ದಾಮ ಕೆಲಸ ಅನ್ನುತ್ತಾರೆ. ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಓದು ಬರಹ ಕನ್ನಡ. ಸಂಬಂಧಗಳು ಆ ಕಡೆ ಈ ಕಡೆ ಎರಡೂ ಕಡೆ ಇವೆ. ಆಕೆಯ ಚಿಕ್ಕಮ್ಮನ ಸೊಸೆ ಆಗಲೇ ಕುವೈತ್‌ನಲ್ಲಿದ್ದಳು. ವಲಸೆ ಹೋಗುವವರು ಭೂಪಟ ನೋಡಿ ದೇಶ ಆರಿಸುವುದಿಲ್ಲ, ಗೊತ್ತಿರುವವರು ಯಾರಾದರೂ ಇರುವ ಕಡೆಗೆ ಹೋಗುತ್ತಾರೆ.

ಮೂವತ್ತು ವರ್ಷದ ನಿಯಮ

ಆಕೆ ಓದಿದ್ದು ಏಳನೇ ಕ್ಲಾಸು. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಬರುತ್ತದೆ. ಹಾಗಿದ್ದರೆ ಕುವೈತ್, ಸೌದಿ, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು. 1983ರ ವಲಸೆ ಕಾಯ್ದೆಯ ಕೆಳಗೆ ಬರುವ ವ್ಯವಸ್ಥೆ ಇದು. ಅದರ ಮೇಲೆ ಇನ್ನೊಂದು ಕಟ್ಟು: ಇಸಿಆರ್ ಪಾಸ್‌ಪೋರ್ಟಿನ ಹೆಂಗಸಿಗೆ 30 ವರ್ಷ ತುಂಬಿರಬೇಕು. 2016ರ ಆಗಸ್ಟ್‌ನಿಂದ ಮತ್ತೂ ಒಂದು ಸೇರಿತು: ಖಾಸಗಿ ಏಜೆಂಟರ ಮೂಲಕ ಹೋಗುವಂತಿಲ್ಲ, ರಾಜ್ಯ ಸರ್ಕಾರಗಳ ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕು.

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಮನೆಯೊಳಗೆ ಕೂಡಿಹಾಕಿ ದುಡಿಸಿಕೊಂಡದ್ದು, ಸಂಬಳ ಕೊಡದೇ ಇದ್ದದ್ದು, ಹೊಡೆತ, ಅದಕ್ಕಿಂತ ಕೆಟ್ಟದ್ದು, ಎಲ್ಲ ನಡೆದಿತ್ತು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ಕಾಪಾಡಬೇಕು ಅಂತಲೇ ಇದನ್ನು ಮಾಡಿದರು. ನನಗೆ ಆ ಉದ್ದೇಶದ ಮೇಲೆ ಅನುಮಾನ ಇಲ್ಲ.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಆಕೆ ಮತ್ತೆ ಬಂದಳು. ನಾನು ನಿಯಮ ಓದಿ ಹೇಳಿದೆ. ನಿಂಗೆ ಈಗ 27, ಇನ್ನು ಮೂರು ವರ್ಷ ಕಾಯಬೇಕು ಎಂದೆ. ಆಕೆ ಕೌಂಟರ್ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೇಳಿದಳು, "ನಾನು ಕಾಯ್ತೀನಿ ಅಣ್ಣ. ಬಡ್ಡಿ ಕಾಯುತ್ತಾ?"

ಆಕೆ ಹೋದ ಮೇಲೆ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ತಿಂಗಳಿಗೆ 9,000, ಮೂವತ್ತಾರು ತಿಂಗಳು, 3,24,000. ಮೂವತ್ತು ವರ್ಷ ತುಂಬುವವರೆಗೆ ಕಾಯುವುದರ ಬೆಲೆ ಅಸಲಿಗಿಂತ ಜಾಸ್ತಿ. ನಿಯಮ ಮಾಡಿದವರ ಮುಂದೆ ಈ ಲೆಕ್ಕ ಇರಲಿಲ್ಲ. ಆಕೆಯ ಮುಂದೆ ಇದ್ದದ್ದು ಇದೊಂದೇ. ನಾನು ಅವತ್ತು ನಿಯಮ ಹೇಳಿ ಕಳಿಸಿದೆನೇ ಹೊರತು ಬೇರೆ ಏನೂ ಹೇಳಲಿಲ್ಲ, ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಮೊದಲ ಸಲ

ಗಡಿಯಾಚೆಯ ಒಬ್ಬ ಏಜೆಂಟ್ ಸಿಕ್ಕಿದ. 70,000 ಕೇಳಿದ. ಅದನ್ನೂ ಅದೇ ಬಡ್ಡಿಗೆ ತಂದರು. ಸಾಲ 3,70,000 ಆಯಿತು. ದಾರಿ ಹೀಗೆ: ಮೊದಲು ದುಬೈಗೆ ವಿಸಿಟ್ ವೀಸಾ, ಅಲ್ಲಿಂದ ಕುವೈತ್. ನೋಡಲು ಹೋಗುವವರಿಗೆ ಕೆಲಸದ ಅನುಮತಿ ಯಾರೂ ಕೇಳುವುದಿಲ್ಲ, ಅಲ್ವಾ. ಆದ್ದರಿಂದ ವಯಸ್ಸಿನ ಪ್ರಶ್ನೆಯೂ ಬರುವುದಿಲ್ಲ. ದೇವನಹಳ್ಳಿ ಏರ್‌ಪೋರ್ಟ್ ನಮಗೆ ಪಕ್ಕದಲ್ಲೇ ಇದೆ, ಆದರೂ ಏಜೆಂಟ್ ಆಕೆಯನ್ನು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಿಸಿ ಬೇರೆ ರಾಜ್ಯದ ಏರ್‌ಪೋರ್ಟ್‌ಗೆ ಕರೆದುಕೊಂಡು ಹೋದ. ಹಣ ಕೊಟ್ಟ ದಿನದಿಂದ ವಿಮಾನ ಹತ್ತಿದ ದಿನಕ್ಕೆ ಐದು ವಾರ.

2017ರ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಸೇರಿದಳು. 100 ದಿನಾರ್ ಅಂತ ಹೇಳಿದ್ದರು, ಕೊಟ್ಟದ್ದು 70. ಅಂದಿನ ರೇಟಿಗೆ ಸುಮಾರು 15,000 ರೂಪಾಯಿ. ಊಟ, ಮಲಗುವ ಜಾಗ ಅವರದೇ. ಇಲ್ಲಿಯ ನಾಲ್ಕು ಸಾವಿರಕ್ಕೆ ಹೋಲಿಸಿದರೆ ಮೂರೂವರೆ ಪಟ್ಟು ಜಾಸ್ತಿ, ಖರ್ಚು ಇಲ್ಲ. ಇದೇ ವಲಸೆಯ ಮೂಲ ಲೆಕ್ಕ. ಆಕೆ ಹೊಸದಾಗಿ ಏನೂ ಕಲಿಯಲಿಲ್ಲ. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ, ಮಗು ಎತ್ತಿಕೊಳ್ಳುವುದು. ಚಿಂತಾಮಣಿಯಲ್ಲಿ ಅದೇ ಕೆಲಸಕ್ಕೆ ಒಂದು ಮನೆಯಿಂದ ತಿಂಗಳಿಗೆ ಒಂದೂವರೆ, ಎರಡು ಸಾವಿರ ಸಿಗುತ್ತಿತ್ತು. ಕೆಲಸದ ಬೆಲೆ ಕೈಯಲ್ಲಿಲ್ಲ, ಆ ಕೈ ಯಾವ ಗಡಿಯ ಒಳಗೆ ಇದೆ ಅನ್ನುವುದರಲ್ಲಿದೆ.

ಆಕೆಯ ಹತ್ತಿರ ಮಗಳ ಒಂದು ಹಳೆಯ ಕಾಪಿ ಪುಸ್ತಕ ಇತ್ತು. ನಾಲ್ಕು ಗೆರೆಯದ್ದು. ಹೋಗುವಾಗ ಬಟ್ಟೆಯ ಮಧ್ಯೆ ಇಟ್ಟುಕೊಂಡು ಹೋಗಿದ್ದಳು. ಅದರಲ್ಲಿ ತಿಂಗಳು ತಿಂಗಳು ಬರೆದಿದ್ದಾಳೆ, ನಾನು ನೋಡಿದ್ದೇನೆ, ಈಗಲೂ ಇದೆ. ಎಡಗಡೆ ತಿಂಗಳ ಹೆಸರು. ಅದರ ಮುಂದೆ '70 ಬಂತು'. ಕೆಳಗೆ ಮತ್ತೆ '70 ಬಂತು'. ಎಣ್ಣೆ ಕಲೆ ಬಿದ್ದ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಮೂರು ಸಲ 'ಬರಲಿಲ್ಲ' ಅಂತಿದೆ. ಮೂರನೆಯ 'ಬರಲಿಲ್ಲ' ಬರೆಯುವಾಗ ಪೆನ್ನು ಒತ್ತಿ ಹಾಳೆ ಸ್ವಲ್ಪ ಹರಿದಿದೆ. ಪುಸ್ತಕವನ್ನೂ ಮೊಬೈಲನ್ನೂ ಅಕ್ಕಿ ಡಬ್ಬದೊಳಗೆ ಬಚ್ಚಿಡುತ್ತಿದ್ದಳಂತೆ.

ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹನ್ನೊಂದು. ಮೂರು ಅಂತಸ್ತಿನ ಮನೆ. ವಾಷಿಂಗ್ ಮಷಿನ್ ಇಟ್ಟ ಕೋಣೆಯಲ್ಲಿ ಹಾಸಿಗೆ. ಪಾಸ್‌ಪೋರ್ಟ್ ಕಫೀಲನ ಬೀರುವಿನಲ್ಲಿ. ಕಫೀಲ ಅಂದರೆ ವೀಸಾ ಕೊಟ್ಟ ಯಜಮಾನ. ಆ ದೇಶದಲ್ಲಿ ಇರುವ ಹಕ್ಕು ಅವನ ಹೆಸರಿಗೆ ಕಟ್ಟಿಕೊಂಡಿರುತ್ತದೆ, ಅವನ ಮನೆ ಬಿಟ್ಟರೆ ಹಕ್ಕೂ ಹೋಯಿತು.

ಇಲ್ಲಿ ಒಂದು ಮಾತು. ಕುವೈತ್‌ನಲ್ಲಿ ಮನೆಕೆಲಸದವರಿಗೆ ಕಾನೂನು ಇಲ್ಲ ಅಂತ ಜನ ತಿಳಿದಿದ್ದಾರೆ. ಇದೆ. 2015ರ 68ನೇ ಕಾನೂನು. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ, ಕೆಲಸ ಮುಗಿದಾಗ ವರ್ಷಕ್ಕೆ ಒಂದು ತಿಂಗಳ ಸಂಬಳ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. 2016ರಲ್ಲಿ ಕನಿಷ್ಠ ಸಂಬಳವನ್ನೂ 60 ದಿನಾರ್ ಅಂತ ಗೊತ್ತು ಮಾಡಿದರು. ಇಷ್ಟೆಲ್ಲ ಇದೆ. ಆದ್ರೆ ಮನೆಯೊಳಗೆ ಬಂದು ನೋಡುವವರು ಯಾರು? ನಮ್ಮ ಕಾನೂನು ಏರ್‌ಪೋರ್ಟ್ ಗೇಟಿನಲ್ಲಿ ನಿಂತಿತು, ಅವರ ಕಾನೂನು ಆ ಮನೆಯ ಹೊರಬಾಗಿಲಲ್ಲಿ ನಿಂತಿತು. ಆಕೆ ಇದ್ದದ್ದು ಒಳಗೆ.

ಮೂರು ತಿಂಗಳ ಸಂಬಳ ನಿಂತಾಗ, ಹದಿನಾಲ್ಕನೇ ತಿಂಗಳು, ಆಕೆ ಆ ಮನೆ ಬಿಟ್ಟಳು. ಕಸ ಹಾಕಲು ಹೊರಗೆ ಬಂದವಳು ಹಾಗೇ ನಡೆದುಬಿಟ್ಟಳು. ಚಿಕ್ಕಮ್ಮನ ಸೊಸೆ ಇದ್ದ ಕಡೆ ಸೇರಿಕೊಂಡಳು. ಕಫೀಲ ಓಡಿಹೋದಳು ಅಂತ ದೂರು ಕೊಟ್ಟ. ಅಲ್ಲಿಗೆ ಆಕೆ ಆ ದೇಶದಲ್ಲಿ ಅಕ್ರಮವಾಗಿ ಇರುವವಳಾದಳು. ನಮ್ಮ ಸರ್ಕಾರದ ಕಂಪ್ಯೂಟರಿನಲ್ಲಿ ಆಕೆ ಕೆಲಸಕ್ಕೆ ಹೋದ ದಾಖಲೆಯೇ ಇಲ್ಲ, ನೋಂದಾಯಿಸಿದ ಒಪ್ಪಂದ ಇಲ್ಲ, ಅನುಮತಿ ಪಡೆದು ಹೋಗುವವರಿಗೆ ಸಿಗುವ 10 ಲಕ್ಷದ ವಿಮೆಯೂ ಇಲ್ಲ. ಆ ವಿಮೆಯ ಕಂತು ಎಷ್ಟು ಗೊತ್ತಾ? ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಆಕೆಗೆ ವಯಸ್ಸು ಕಡಿಮೆ ಅಂತ ಕಾಪಾಡಲು ಹೊರಟ ನಿಯಮ, ಆಕೆಗೆ ಸಿಗಬೇಕಿದ್ದ ಕಾಪನ್ನೇ ತೆಗೆದುಹಾಕಿತು. ಹೆಚ್ಚು ಅಪಾಯ ಇದ್ದದ್ದು ಚಿಕ್ಕವರಿಗೆ, ಕಾಗದ ಇಲ್ಲದೆ ಹೋದದ್ದೂ ಚಿಕ್ಕವರೇ.

ವಿಚಿತ್ರ ಅಂದರೆ ಅಕ್ರಮ ಆದ ಮೇಲೆ ಆಕೆಯ ಸಂಪಾದನೆ ಜಾಸ್ತಿ ಆಯಿತು. ಗಂಟೆ ಲೆಕ್ಕದಲ್ಲಿ ನಾಲ್ಕು ಮನೆ. ತಿಂಗಳಿಗೆ 130 ದಿನಾರ್. ರೂಮು, ಊಟಕ್ಕೆ 35 ಹೋದರೆ 95 ಉಳಿಯುತ್ತಿತ್ತು. ಒಬ್ಬ ಯಜಮಾನನಿಗೆ ಕಟ್ಟಿಹಾಕಿದಾಗ 70, ಕಟ್ಟು ಬಿಚ್ಚಿಕೊಂಡಾಗ 95. ಕಫೀಲ ವ್ಯವಸ್ಥೆ ಕೆಲಸದವರ ಕೂಲಿಯಿಂದ ಎಷ್ಟು ತಿನ್ನುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇಕಿಲ್ಲ. ಆದರೆ ಆ 95ರ ಜೊತೆ ಪೊಲೀಸ್ ಭಯ ಬಂತು, ಜ್ವರ ಬಂದರೆ ಆಸ್ಪತ್ರೆಗೆ ಹೋಗುವಂತಿಲ್ಲ, ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ದೀಪ ಆರಿಸಬೇಕು. ಹದಿನೈದು ತಿಂಗಳು ಹಾಗೆ.

ಔಟ್‌ಪಾಸ್

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ನಾಲ್ಕೂ ಮನೆಯ ಕೆಲಸ ಒಂದೇ ವಾರದಲ್ಲಿ ನಿಂತಿತು. ಏಪ್ರಿಲ್‌ನಲ್ಲಿ ಕುವೈತ್ ಕ್ಷಮಾದಾನ ಘೋಷಿಸಿತು. ಕಾಗದ ಇಲ್ಲದವರು ದಂಡ ಕಟ್ಟದೆ ಹೋಗಬಹುದು, ಟಿಕೆಟ್ ಖರ್ಚು ಕುವೈತ್ ಸರ್ಕಾರದ್ದೇ, ಮುಂದೆ ಬೇಕಿದ್ದರೆ ಸರಿಯಾದ ವೀಸಾದಲ್ಲಿ ಮತ್ತೆ ಬರಬಹುದು. ಪಾಸ್‌ಪೋರ್ಟ್ ಇಲ್ಲದವರಿಗೆ ನಮ್ಮ ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ, ಅದಕ್ಕೇ ಜನ ಔಟ್‌ಪಾಸ್ ಅನ್ನುವುದು. ಆದರೆ ಇಲ್ಲಿ ವಿಮಾನ ನಿಂತಿತ್ತು. ಶಿಬಿರದಲ್ಲಿ ವಾರಗಟ್ಟಲೆ ಕಾದು ಮೇ ಕೊನೆಗೆ ಊರಿಗೆ ಬಂದಳು.

ಆ ಮೂವತ್ತೊಂದು ತಿಂಗಳ ಲೆಕ್ಕವನ್ನು ಕಾಪಿ ಪುಸ್ತಕ ಇಟ್ಟುಕೊಂಡು ಇಬ್ಬರೂ ಕೂತು ಮಾಡಿದೆವು. ಮನೆಗೆ ಕಳಿಸಿದ್ದು ಒಟ್ಟು ಸುಮಾರು 5 ಲಕ್ಷ. ಅದರಲ್ಲಿ ಬಡ್ಡಿಗೆ ಹೋದದ್ದು 3,20,000. ಅಸಲಿಗೆ ಹೋದದ್ದು 1,80,000. ಇನ್ನೂ 1,90,000 ಬಾಕಿ. ಪರದೇಶದಿಂದ ಬಂದ ಪ್ರತಿ ನೂರು ರೂಪಾಯಿಯಲ್ಲಿ 64 ಸಾಲ ಕೊಟ್ಟವನ ಮನೆ ಸೇರಿತು. ಆತ ಚಿಂತಾಮಣಿ ಬಿಟ್ಟು ಎಲ್ಲಿಗೂ ಹೋದವನಲ್ಲ. ವಿದೇಶದಿಂದ ಭಾರತಕ್ಕೆ ಬರುವ ಹಣ 2022ರಲ್ಲಿ 11,100 ಕೋಟಿ ಡಾಲರ್, ಪ್ರಪಂಚದಲ್ಲೇ ಮೊದಲು. ಓದಿ ಹೆಮ್ಮೆ ಪಡುತ್ತೇವೆ. ಆ ಹಣ ಯಾವ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನೂ ನೋಡಬೇಕು.

ಇನ್ನೊಂದು ಲೆಕ್ಕ ಯಾರೂ ಬರೆಯುವುದಿಲ್ಲ. ಆಕೆ ಹೋದಾಗ ಅತ್ತೆ ಕೂಲಿ ಬಿಟ್ಟು ಮಕ್ಕಳನ್ನು ನೋಡಿಕೊಂಡಳು. ತಿಂಗಳಿಗೆ ಸುಮಾರು 3,500 ಅಲ್ಲಿ ಹೋಯಿತು. ಮೂವತ್ತೊಂದು ತಿಂಗಳಿಗೆ ಒಂದು ಲಕ್ಷದ ಮೇಲೆ. ಕುವೈತ್‌ನ ಮಗುವನ್ನು ಇವಳು ಎತ್ತಿ ಆಡಿಸಿದಳು, ಇವಳ ಮಗುವನ್ನು ಅತ್ತೆ ಎತ್ತಿ ಆಡಿಸಿದಳು, ಅತ್ತೆಗೆ ಯಾರೂ ದಿನಾರ್ ಕೊಡಲಿಲ್ಲ. ಮಗ ಅಜ್ಜಿಯನ್ನೇ ಅಮ್ಮ ಅನ್ನಲು ಶುರುಮಾಡಿದ್ದ. ಇವಳು ಬಂದ ದಿನ ಬಾಗಿಲ ಹಿಂದೆ ನಿಂತು ನೋಡಿದನಂತೆ. ಅದಕ್ಕೆ ನನ್ನ ಹತ್ತಿರ ಅಂಕಿ ಇಲ್ಲ.

ಎರಡನೇ ಸಲ

2020ಕ್ಕೆ ಮೂವತ್ತು ತುಂಬಿತ್ತು. ಬಾಕಿ ಸಾಲದ ಬಡ್ಡಿ ತಿಂಗಳಿಗೆ 5,700. ಕೊರೊನಾ ಕಾಲದಲ್ಲಿ ಬಡ್ಡಿ ಕಟ್ಟಿಕೊಂಡು ಬಂದದ್ದೇ ದೊಡ್ಡದು, ಅಸಲು ಅಲುಗಲಿಲ್ಲ. ಈ ಸಲ ಸರಿಯಾದ ದಾರಿಯಲ್ಲೇ ಹೋಗುತ್ತೇನೆ ಎಂದಳು. ಕಳೆದುಹೋದ ಪಾಸ್‌ಪೋರ್ಟ್‌ಗೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು, ಹೊಸ ಅರ್ಜಿ, ವಿಚಾರಣೆ. 2021ರಲ್ಲಿ ಹೊಸ ಪಾಸ್‌ಪೋರ್ಟ್ ಬಂತು. ಅದೇ ವರ್ಷ ಜೂನ್‌ನಲ್ಲಿ ಭಾರತ ಮತ್ತು ಕುವೈತ್ ಮನೆಕೆಲಸದವರ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು.

ಕೆಲಸ ಸಿಕ್ಕಿದ್ದು ಮತ್ತೆ ಗೊತ್ತಿದ್ದವರ ಮೂಲಕವೇ. ಮೊದಲು ಗಂಟೆ ಲೆಕ್ಕದಲ್ಲಿ ಮಾಡುತ್ತಿದ್ದ ಒಂದು ಮನೆಯ ಅಮ್ಮನ ತಂಗಿಗೆ ಆಳು ಬೇಕಿತ್ತು. 2022ರ ಫೆಬ್ರವರಿಯಲ್ಲಿ ಶುರು ಮಾಡಿದ್ದು. ಒಂದು ಸರ್ಕಾರಿ ನೇಮಕಾತಿ ಸಂಸ್ಥೆಯ ಮೂಲಕ ಕಾಗದ ಓಡಿತು. ಒಪ್ಪಂದ, ಮೆಡಿಕಲ್, ಪೊಲೀಸ್ ಪ್ರಮಾಣಪತ್ರ, ಹೋಗುವ ಮೊದಲಿನ ತರಬೇತಿ. ಒಂದು ಕಾಗದದಲ್ಲಿ ತಂದೆಯ ಹೆಸರಿನ ಇನಿಷಿಯಲ್ ತಪ್ಪಿತ್ತು, ಅದಕ್ಕೇ ಆರು ವಾರ. ಹೊರಟದ್ದು ನವೆಂಬರ್‌ನಲ್ಲಿ. ದೇವನಹಳ್ಳಿಯಿಂದಲೇ. ಗಂಡ, ಮಕ್ಕಳು ಬಿಟ್ಟು ಬರಲು ಹೋಗಿದ್ದರು.

ಇಲ್ಲಿ ನಾನು ಅಂದುಕೊಂಡದ್ದು ತಪ್ಪಾಯಿತು. ಸರಿಯಾದ ದಾರಿ ಅಗ್ಗ ಇರುತ್ತದೆ ಅಂದುಕೊಂಡಿದ್ದೆ. ಓಡಾಟ, ಮೆಡಿಕಲ್, ಎಲ್ಲ ಸೇರಿ ಖರ್ಚು 30,000 ಅಷ್ಟೇ. ಆದರೆ ಕಾದ ಒಂಬತ್ತು ತಿಂಗಳಿಗೆ ಬಡ್ಡಿ 51,300. ಎರಡೂ ಸೇರಿದರೆ 81,300. ಏಜೆಂಟ್ ತಗೊಂಡದ್ದು 70,000, ಐದು ವಾರದಲ್ಲಿ ಕಳಿಸಿದ್ದ. ಸಾಲದಲ್ಲಿ ಮುಳುಗಿದವಳಿಗೆ ಕಾನೂನಿನ ದಾರಿಯೇ ದುಬಾರಿ. ಜನ ತಿಳುವಳಿಕೆ ಇಲ್ಲದೆ ಏಜೆಂಟರ ಬಲೆಗೆ ಬೀಳುತ್ತಾರೆ ಅಂತ ನಾವು ಭಾಷಣ ಮಾಡುತ್ತೇವೆ. ಈ ಹೆಂಗಸಿಗೆ ತಿಳುವಳಿಕೆ ನನಗಿಂತ ಜಾಸ್ತಿ ಇತ್ತು.

ಕಾಗದದ ಲಾಭ ಕಂಡದ್ದು ಅಲ್ಲಿಗೆ ಹೋದ ಮೇಲೆ. ಒಪ್ಪಂದದಲ್ಲಿ 110 ದಿನಾರ್, ಕೊಟ್ಟದ್ದೂ 110. ಇಪ್ಪತ್ತೈದು ತಿಂಗಳು, ಇಪ್ಪತ್ತೈದು 'ಬಂತು'. ಹಳೆಯ ಕಾಪಿ ಪುಸ್ತಕದಲ್ಲೇ ಮುಂದುವರಿಸಿದ್ದಾಳೆ. ದಿನಾರ್ ಅಷ್ಟರಲ್ಲಿ 270 ರೂಪಾಯಿ ಹತ್ತಿರ ಇತ್ತು. ತಿಂಗಳಿಗೆ 27,000 ಕಳಿಸಿದಳು. ಹತ್ತನೇ ತಿಂಗಳಿಗೆ ಸಾಲ ಪೂರ್ತಿ ತೀರಿತು. ಉಳಿದ ಹದಿನೈದು ತಿಂಗಳಿನ 4 ಲಕ್ಷದಲ್ಲಿ 2,40,000 ಮನೆಗೆ ಆರ್‌ಸಿಸಿ, 90,000ಕ್ಕೆ ಎರಡು ಹಸು, ಉಳಿದದ್ದು ಮಕ್ಕಳ ಫೀಸು ಮತ್ತು ಅಡವಿಟ್ಟ ಸರ ಬಿಡಿಸಲು. ವಾಪಸ್ ಬರುವಾಗ ಎರಡು ವರ್ಷಕ್ಕೆ ಎರಡು ತಿಂಗಳ ಸಂಬಳ ಸೇರಿಸಿ ಕೊಟ್ಟರು. ಅದು ಕಾನೂನಿನಲ್ಲಿದ್ದದ್ದೇ.

ಎಲ್ಲ ಚೆನ್ನಾಗಿತ್ತು ಅಂತ ಅಲ್ಲ. ಪಾಸ್‌ಪೋರ್ಟ್ ಈ ಮನೆಯಲ್ಲೂ ಯಜಮಾನನ ಹತ್ತಿರವೇ ಇತ್ತು. ಕೆಲಸ ಹದಿನಾಲ್ಕು ಗಂಟೆಗಿಂತ ಕಡಿಮೆ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ ಮಾತ್ರ ಬಿಡುವು. ಕಾಗದ ಸಂಬಳ ಕೊಡಿಸಿತು, ದಿನವನ್ನು ಗಿಡ್ಡ ಮಾಡಲಿಲ್ಲ.

ಊರಿನಲ್ಲಿ ಏನಾಯಿತು

ಆಕೆ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಟೊಮ್ಯಾಟೊ ಕಡ್ಡಿ ಕಟ್ಟಲು, ಬಿಡಿಸಲು ಹೆಣ್ಣಾಳು ಸಿಗುತ್ತಿಲ್ಲ ಅಂತ ರೈತರು ಹೇಳುತ್ತಾರೆ. ಕುವೈತ್‌ಗೆ ಹೋದವರು ಕೆಲವರೇ. ಅದಕ್ಕಿಂತ ಜಾಸ್ತಿ ಜನ ಬೆಳಗಿನ ಜಾವ ಬರುವ ಗಾರ್ಮೆಂಟ್ಸ್ ಬಸ್ಸು, ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿ ವ್ಯಾನು ಹತ್ತಿದ್ದಾರೆ. ಹಾಗಾಗಿ ಹೆಣ್ಣಾಳಿನ ಕೂಲಿ ಈಗ 350, 400. ಉಳಿದ ಹೆಂಗಸರಿಗೆ ಇದು ಒಳ್ಳೆಯದೇ ಆಯಿತು, ಅವರಿಗೆ ಯಾರೂ ದಯೆಯಿಂದ ಏರಿಸಿ ಕೊಟ್ಟದ್ದಲ್ಲ. ಸಣ್ಣ ರೈತರಿಗೆ ಕಷ್ಟವೂ ಆಯಿತು, 15 ಕೆಜಿ ಬಾಕ್ಸಿಗೆ 100 ರೂಪಾಯಿ ಬಿದ್ದ ದಿನ ಬಿಡಿಸುವ ಕೂಲಿಯೂ ಹುಟ್ಟುವುದಿಲ್ಲ. ಆ ಜಾಗಕ್ಕೆ ರಾಯಚೂರು, ಯಾದಗಿರಿ ಕಡೆಯವರು ಬರುತ್ತಾರೆ, ಕೋಳಿ ಫಾರಂಗಳಿಗೆ ಬಿಹಾರ, ಅಸ್ಸಾಂನ ಹುಡುಗರು ಬಂದಿದ್ದಾರೆ.

ಆ ಹುಡುಗರನ್ನು ನೋಡಿ "ಹೊರಗಿನವರು ಜಾಸ್ತಿ ಆದರು" ಅಂತ ನನ್ನ ಅಂಗಡಿಯಲ್ಲೇ ಮಾತಾಡುತ್ತಾರೆ. ಹಾಗೆ ಮಾತಾಡಿದವರಲ್ಲಿ ಒಬ್ಬರ ಮಗಳ ಪಾಸ್‌ಪೋರ್ಟ್ ಅರ್ಜಿ ಅದೇ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ತೆರೆದಿತ್ತು. ನಾನು ಅವರ ಮುಖಕ್ಕೇ ಹೇಳಿದೆ, ಅಲ್ಲಿ ನಿಮ್ಮ ಮಗಳೂ ಹೊರಗಿನವಳೇ ಅಂತ. 2024ರ ಜುಲೈ 15ರಂದು ನಮ್ಮ ರಾಜ್ಯದ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆ ಒಪ್ಪಿತು, ಎರಡೇ ದಿನಕ್ಕೆ ತಡೆಹಿಡಿಯಿತು. ಕೆಲಸಕ್ಕೆ ಜನ ಬೇಕು ಅನ್ನುವವರ ಒತ್ತಡ ಅಷ್ಟು ಬೇಗ ಬಂತು.

ಕುವೈತ್‌ನಲ್ಲೂ ಇದೇ ಆಯಿತು. 2020ರ ಜೂನ್‌ನಲ್ಲಿ ಅಲ್ಲಿನ ಆಗಿನ ಪ್ರಧಾನಿ ಹೊರಗಿನವರ ಪಾಲನ್ನು 70ರಿಂದ 30 ಶೇಕಡಕ್ಕೆ ಇಳಿಸಬೇಕು ಎಂದರು. ಭಾರತೀಯರು ಶೇಕಡ 15 ದಾಟಬಾರದು ಅಂತ ಒಂದು ಕರಡೂ ಬಂತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಸುದ್ದಿ ಕೇಳಿ ನಿದ್ದೆ ಹೋಯಿತು. ಆಮೇಲೆ ಕಾನೂನು ಮಾಡುವಾಗ ಮನೆಕೆಲಸದವರನ್ನು ಆ ಮಿತಿಯಿಂದ ಹೊರಗಿಟ್ಟರು. ಇವತ್ತಿಗೂ ಅಲ್ಲಿ ಮೂರರಲ್ಲಿ ಎರಡು ಪಾಲು ಜನ ಹೊರಗಿನವರೇ. ಅಡುಗೆಮನೆಯ ಕೆಲಸ ಮಾಡುವವರು ಬೇಕೇ ಬೇಕಿದ್ದಾಗ ಕೋಟಾ ಆ ಬಾಗಿಲಲ್ಲೇ ನಿಂತುಬಿಡುತ್ತದೆ.

ಕಳಿಸುವ ದೇಶಗಳ ಕೈಯೂ ಅಷ್ಟು ಉದ್ದ ಇಲ್ಲ. ಮನೆಕೆಲಸದ ಹೆಂಗಸಿಗೆ ಯಜಮಾನ 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕು ಅಂತ ಭಾರತ ಕೇಳಿತು. ಕುವೈತ್ ಒಪ್ಪಲಿಲ್ಲ, ಭಾರತದ ಹೆಂಗಸರಿಗೆ ವೀಸಾ ನಿಲ್ಲಿಸಿತು, 2017ರಲ್ಲಿ ನಾವೇ ಆ ಷರತ್ತು ಬಿಟ್ಟೆವು. 2020ರಲ್ಲಿ ಕೊಲ್ಲಿ ದೇಶಗಳಿಗೆ ಹೋಗುವವರ ಕನಿಷ್ಠ ಸಂಬಳದ ಮಿತಿಯನ್ನು ನಮ್ಮ ಸರ್ಕಾರವೇ ಇಳಿಸಿತು, ಕೆಲಸ ಕೈತಪ್ಪಬಾರದು ಅಂತ. ಕೋರ್ಟಿಗೆ ಹೋದ ಮೇಲೆ 2021ರಲ್ಲಿ ವಾಪಸ್ ಪಡೆಯಿತು. ಫಿಲಿಪೈನ್ಸ್ ಸ್ವಲ್ಪ ಗಟ್ಟಿಯಾಗಿ ನಿಂತಿತು. 2018ರಲ್ಲಿ ಕುವೈತ್‌ಗೆ ಜನ ಕಳಿಸುವುದನ್ನೇ ನಿಲ್ಲಿಸಿ ಆಮೇಲೆ ಒಪ್ಪಂದ ಮಾಡಿಕೊಂಡಿತು. ಆದರೆ 2023ರಲ್ಲಿ ಕುವೈತ್ ಅವರಿಗೇ ಹೊಸ ವೀಸಾ ನಿಲ್ಲಿಸಿತು. ಒಂದು ದೇಶ ಬೆಲೆ ಏರಿಸಿದರೆ ಯಜಮಾನ ಇನ್ನೊಂದು ದೇಶದ ಕಡೆ ನೋಡುತ್ತಾನೆ. ಒಂದೊಂದೇ ದೇಶ ಹೊಡೆದಾಡಿದರೆ ಆಗುವುದು ಇಷ್ಟೇ.

ನನ್ನ ಸ್ನೇಹಿತೆಯೊಬ್ಬಳು ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತಾಳೆ. ಮೂವತ್ತರ ನಿಯಮ ತೆಗೆದರೆ ಇಪ್ಪತ್ತರ ಹುಡುಗಿಯರನ್ನು ಏಜೆಂಟರು ಲಾರಿ ಲೋಡಿನಂತೆ ಕಳಿಸುತ್ತಾರೆ ಅನ್ನುತ್ತಾಳೆ. ಆಕೆಯ ಭಯ ನಿಜ. ಆದರೆ ಅವರು ಈಗಲೂ ಹೋಗುತ್ತಿದ್ದಾರೆ, ದುಬೈ ನೋಡುವ ಹೆಸರಿನಲ್ಲಿ. ನನಗೆ ಕಂಡಂತೆ ಮೊದಲು ಆಗಬೇಕಾದ್ದು, ವಯಸ್ಸು ಎಷ್ಟೇ ಇರಲಿ, ಹೇಗೇ ಹೋಗಿರಲಿ, ಅಲ್ಲಿ ಸೇರಿದ ಮೇಲಾದರೂ ಒಪ್ಪಂದ ನೋಂದಾಯಿಸಿ ವಿಮೆ ಮಾಡಿಸುವ ಅವಕಾಶ. ಎರಡನೆಯದು ಸರಿಯಾದ ದಾರಿಯಲ್ಲಿ ಹೋಗುವವಳಿಗೆ ಕಾಯುವ ಕಾಲಕ್ಕೆ ಕಡಿಮೆ ಬಡ್ಡಿಯ ಸಾಲ. ಇದು ಹೊರದೇಶದ ಒಪ್ಪಿಗೆ ಬೇಕಾದ ಕೆಲಸ ಅಲ್ಲ, ಚಿಂತಾಮಣಿಯ ಒಂದು ಬ್ಯಾಂಕಿನಲ್ಲಿ ಆಗುವಂಥದ್ದು. ನೂರಕ್ಕೆ ಮೂರರ ಬದಲು ಒಂದು ಇದ್ದಿದ್ದರೆ, ಒಂಬತ್ತು ತಿಂಗಳ ಬಡ್ಡಿ 51,300 ಅಲ್ಲ, 17,100.

ಈಗ ಎಲ್ಲಿಗೆ ಬಂತು

2024ರ ಕೊನೆಗೆ ಬಂದವಳು ಸದ್ಯಕ್ಕೆ ಊರಲ್ಲೇ ಇದ್ದಾಳೆ. ಎರಡು ಹಸುವಿನ ಹಾಲು ಡೇರಿಗೆ ಹಾಕುತ್ತಾಳೆ. ಮಗಳು ಪಿಯುಸಿ ಸೇರಿದಳು, ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಇಬ್ಬರೂ ಬಂದಿದ್ದರು. ಮಗ ಈಗ ಹದಿಮೂರು, ಅಮ್ಮನ ಹತ್ತಿರ ಜಗಳ ಆಡುತ್ತಾನೆ. ಅತ್ತೆಗೆ ಮಂಡಿ ನೋವು. ಮತ್ತೆ ಹೋದರೆ ಮನೆ ನೋಡುವವರು ಯಾರು ಅನ್ನುವುದು ಪ್ರಶ್ನೆ. ಕುವೈತ್‌ನಿಂದ ಆ ಅಮ್ಮ ಆಗಾಗ ಫೋನ್ ಮಾಡುತ್ತಾಳಂತೆ, 130 ಕೊಡುತ್ತೇನೆ ಬಾ ಅಂತ. ಇವಳು ಇನ್ನೂ ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ.

ಮೊದಲ ಮನೆಯ ಮೂರು 'ಬರಲಿಲ್ಲ', ಅಂದರೆ 210 ದಿನಾರ್, ಬರಲೇ ಇಲ್ಲ. ದೂರು ಕೊಡಲು ಒಪ್ಪಂದದ ಪ್ರತಿ ಕೇಳುತ್ತಾರೆ. ಆಕೆಯ ಹತ್ತಿರ ಇರುವುದು ಆ ಕಾಪಿ ಪುಸ್ತಕ. ಹೋದ ತಿಂಗಳು ಅದರ ಪ್ರತಿ ಹಾಳೆಯನ್ನೂ ಜೆರಾಕ್ಸ್ ಮಾಡಿ, ಒಂದು ಸೆಟ್ ಆಕೆಗೆ ಕೊಟ್ಟು ಇನ್ನೊಂದನ್ನು ನನ್ನ ಅಂಗಡಿಯ ಫೈಲಿನಲ್ಲಿ ಇಟ್ಟಿದ್ದೇನೆ. ಹೊಸ ಪಾಸ್‌ಪೋರ್ಟ್ 2031ರವರೆಗೆ ನಡೆಯುತ್ತದೆ.